ಬಾನೆಟ್ ಕೊನೆಗೆ ಎತ್ತಿ: ಹಳೇ ಕಾರು ತಗೊಳ್ಳೋ ಮುಂಚೆ ಹಾಕಬೇಕಾದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಉಪಶೀರ್ಷಿಕೆಗಳನ್ನು ಸೇರಿಸಲಾಗಿದೆ.)

ಇವತ್ತಿನ ಸಂಚಿಕೆ ಹಳೇ ಕಾರುಗಳ ಬಗ್ಗೆ. ಆಫೀಸಿಗೆ ಹೋಗಿಬರೋಕೆ ಐದಾರು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ತೀವಲ್ಲ, ಆ ವಿಷಯ ಅಲ್ಲ. ಪದ್ಮಿನಿ, ಅಂಬಾಸಿಡರ್, ಕಾಂಟೆಸ್ಸಾ, ಮೊದಲ ತಲೆಮಾರಿನ ಮಾರುತಿ 800, ಜಿಪ್ಸಿ, ಹಳೇ ಟಾಟಾ ಸಿಯೆರಾ, ಇಂಥ ಗಾಡಿಗಳನ್ನ ಹುಡುಕಿ ತಂದು, ಸರಿ ಮಾಡಿಸಿ, ಇಟ್ಟುಕೊಳ್ಳಬೇಕು ಅನ್ನೋ ಆಸೆ ಇರೋರಿಗಾಗಿ ಈ ಸಂಚಿಕೆ.

ಇಂಥ ಕಾರು ನೋಡೋಕೆ ಹೋದಾಗ ಸಾಮಾನ್ಯವಾಗಿ ಏನಾಗತ್ತೆ? ಮಾರೋರು ಮೊದಲು ಬಾನೆಟ್ ಎತ್ತುತ್ತಾರೆ. ಕೀಲಿ ತಿರುಗಿಸ್ತಾರೆ. ಎಂಜಿನ್ ಗುರ್ ಅಂತ ಸ್ಟಾರ್ಟ್ ಆಗತ್ತೆ. "ನೋಡಿ ಸಾರ್, ಎಂಜಿನ್ ಬೆಣ್ಣೆ ಥರ ಇದೆ" ಅಂತಾರೆ. ಅಲ್ಲಿಗೆ ಅರ್ಧ ವ್ಯಾಪಾರ ಮುಗಿದಂತೆ.

ನಾನು ಹೇಳೋದು ಇದರ ಉಲ್ಟಾ. ಮೊದಲು ಕಾಗದ ನೋಡಿ. ಆಮೇಲೆ ಬಾಡಿ. ಆಮೇಲೆ ಏನೇನು ಸಾಮಾನು ಕಾಣೆಯಾಗಿದೆ ಅಂತ ಪಟ್ಟಿ ಮಾಡಿ. ಎಂಜಿನ್ ಕೊನೆಗೆ. ಕಾರಣ ಸರಳ. ಎಂಜಿನ್ ಹಾಳಾಗಿದ್ದರೆ ದುಡ್ಡು ಕೊಟ್ಟರೆ ಸರಿಹೋಗತ್ತೆ, ಎಷ್ಟು ಖರ್ಚು ಅಂತ ಮೊದಲೇ ಅಂದಾಜು ಮಾಡಬಹುದು. ಬಾಡಿ ತುಕ್ಕು ಹಿಡಿದಿದ್ದರೆ ದುಡ್ಡು ಕೊಟ್ಟರೂ ಎಲ್ಲಿ ನಿಲ್ಲತ್ತೆ ಅಂತ ಹೇಳೋಕಾಗಲ್ಲ. ಕಾಗದ ಕೆಟ್ಟಿದ್ದರೆ ಕೆಲವು ಸಲ ಎಷ್ಟು ದುಡ್ಡು ಸುರಿದರೂ ಸರಿಹೋಗಲ್ಲ.

ಮೊದಲು ಒಂದು ಪ್ರಶ್ನೆ: ಯಾತಕ್ಕೆ ಬೇಕು?

ಹಳೇ ಕಾರು ತಗೊಳ್ಳೋರಲ್ಲಿ ಮೂರು ಥರದವರಿದ್ದಾರೆ. ಒಬ್ಬರಿಗೆ ಸಂಗ್ರಹ ಮುಖ್ಯ. ಕಾರು ಅಪರೂಪದ್ದಾಗಿರಬೇಕು, ಮೂಲ ಸ್ಥಿತಿಯಲ್ಲಿರಬೇಕು, ಮುಂದೆ ಬೆಲೆ ಏರಬೇಕು. ಇನ್ನೊಬ್ಬರಿಗೆ ಭಾನುವಾರ ಬೆಳಗ್ಗೆ ಮನೆಯವರನ್ನ ಕೂರಿಸಿಕೊಂಡು ನಂದಿಬೆಟ್ಟದ ಕಡೆ ಒಂದು ಸುತ್ತು ಹೋಗಿಬಂದರೆ ಸಾಕು. ಮೂರನೆಯವರಿಗೆ ಕೆಲಸದಲ್ಲೇ ಖುಷಿ, ಬಿಚ್ಚೋದು, ಜೋಡಿಸೋದು, ಸಾಮಾನು ಹುಡುಕೋದು.

ಈ ಮೂರಕ್ಕೂ ಬೇರೆ ಬೇರೆ ಕಾರು ಬೇಕು. ಸಂಗ್ರಹಕ್ಕೆ ಅಂತ ತಗೊಳ್ಳೋ ಗಾಡಿ ಎಲ್ಲಾ ಸಾಮಾನೂ ಇರೋ, ಒಬ್ಬರೇ ಇಟ್ಟುಕೊಂಡಿದ್ದ, ಮೂಲ ಬಣ್ಣದ ಗಾಡಿ ಆಗಿರಬೇಕು. ಓಡಿಸೋಕೆ ಅಂದ್ರೆ ಬಿಡಿಭಾಗ ಸುಲಭವಾಗಿ ಸಿಗೋ ಮಾಡೆಲ್ ಆಗಬೇಕು. ಪ್ರಾಜೆಕ್ಟ್ ಅಂದ್ರೆ ಜಾಗ, ಸಮಯ, ತಾಳ್ಮೆ ಮೂರೂ ಇರಬೇಕು. ತೊಂದರೆ ಆಗೋದು ಎಲ್ಲಿ ಅಂದ್ರೆ, ಪ್ರಾಜೆಕ್ಟ್ ಬೆಲೆಗೆ ತಗೊಂಡು, ಮುಂದಿನ ತಿಂಗಳೇ ಓಡಿಸಬೇಕು ಅಂದುಕೊಂಡು, ಕೊನೆಗೆ ಸಂಗ್ರಹದ ಬೆಲೆಗೆ ಮಾರಬಹುದು ಅಂತ ನಂಬಿದಾಗ. ಮೂರೂ ಒಂದೇ ಕಾರಲ್ಲಿ ಸಿಗೋದು ಬಹಳ ಅಪರೂಪ.

ಕಾನೂನಿನ ಪ್ರಕಾರ "ವಿಂಟೇಜ್" ಅಂದ್ರೆ ಎಷ್ಟು ಹಳೇದು?

ಮಾತಿನಲ್ಲಿ ನಾವು 90ರ ದಶಕದ ಕಾರಿಗೂ ವಿಂಟೇಜ್ ಅಂತೀವಿ. ಕಾನೂನು ಹಾಗೆ ಹೇಳಲ್ಲ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಮಾಡದೆ ಮೂಲ ರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿ ಮಾತ್ರ ವಿಂಟೇಜ್. ಹೊಸದಾಗಿ ನೋಂದಣಿ ಮಾಡಿಸೋಕೆ 20,000 ರೂಪಾಯಿ, 10 ವರ್ಷ ಚಾಲ್ತಿ. ಆಮೇಲೆ ನವೀಕರಣಕ್ಕೆ 5,000. ಹೊಸ ನೋಂದಣಿಗೆ "ವಿಎ" ಅನ್ನೋ ಅಕ್ಷರಗಳಿರೋ ನಂಬರ್ ಪ್ಲೇಟ್. ಮೊದಲೇ ನೋಂದಣಿಯಾಗಿದ್ದ ಗಾಡಿಗೆ ಹಳೇ ನಂಬರ್ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯ ಓಡಿಸೋ ಹಾಗಿಲ್ಲ, ಬಾಡಿಗೆಗೂ ಬಿಡೋ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಈಗ ಲೆಕ್ಕ ನೋಡಿ. ಮಾರುತಿ 800 ಮೊದಲು ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಅತ್ಯಂತ ಹಳೇ ಮಾರುತಿಗೂ ವಿಂಟೇಜ್ ಸ್ಥಾನ ಸಿಗೋದು 2033ರ ಡಿಸೆಂಬರ್ ಆದ ಮೇಲೇ. ಕಾಂಟೆಸ್ಸಾ ಶುರುವಾದದ್ದು 1984ರಲ್ಲಿ, ಅದಕ್ಕೆ ಇನ್ನೂ ಮುಂದೆ. 90ರ ದಶಕದ ಸಿಯೆರಾ, ಝೆನ್, 2000ದ ಹೊತ್ತಿನ ಹೋಂಡಾ ಸಿಟಿ ವಿಟೆಕ್ ಇಷ್ಟಪಡೋರಿಗಂತೂ 2040, 2050ರ ಮಾತು.

ಅಲ್ಲೀವರೆಗೂ ಈ ಗಾಡಿಗಳು ಕಾನೂನಿನ ಕಣ್ಣಲ್ಲಿ ಬರೀ "ಹಳೇ ಗಾಡಿ". 15 ವರ್ಷ ಆದ ಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಆರ್‌ಟಿಒ ಎದುರು ನಿಲ್ಲಿಸಿ ನೋಂದಣಿ ನವೀಕರಿಸಬೇಕು. ಮೊದಲು ಕಾರಿಗೆ ಈ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರ ಆಗಸ್ಟ್ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರಿಗೆ 10,000, ಆಮದು ಮಾಡಿದ ಕಾರಾದ್ರೆ 80,000 ಅಂತ ನಿಗದಿಯಾಯ್ತು. ಇದರ ಮೇಲೆ ಗ್ರೀನ್ ಟ್ಯಾಕ್ಸ್ ಇದೆ, ತಡ ಮಾಡಿದರೆ ಹೆಚ್ಚುವರಿ ಶುಲ್ಕವೂ ಇದೆ. ಅಂದ್ರೆ 20ರಿಂದ 50 ವರ್ಷದ ನಡುವಿನ ಕಾರು ಇಟ್ಟುಕೊಳ್ಳೋದು ಸರ್ಕಾರದ ನೀತಿಯ ಎದುರು ಈಜಿದ ಹಾಗೆ. ಇಷ್ಟಪಟ್ಟು ಈಜೋಣ, ಆದರೆ ನೀರು ಎಷ್ಟು ಆಳ ಅಂತ ಗೊತ್ತಿರಲಿ.

ಕಾಗದ: ಐದು ಕಡೆ ಬೆರಳಿಟ್ಟು ನೋಡಿ

ಒಂದು, ಆರ್‌ಸಿ ಜೀವಂತ ಇದೆಯಾ? ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಬಹಳ ಹಳೇ ಗಾಡಿಗಳ ದಾಖಲೆ ಪುಸ್ತಕದಲ್ಲಿ ಮಾತ್ರ ಇದ್ದು, ಕಂಪ್ಯೂಟರಿಗೆ ಏರದೇ ಇರಬಹುದು. ಆಗ ಆ ಗಾಡಿ ನೋಂದಣಿಯಾದ ಆರ್‌ಟಿಒದಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ತೆಗೆಸೋಕೆ ಮಾರೋರಿಗೇ ಹೇಳಿ. ಅದು ಸಿಗೋವರೆಗೂ ಅಡ್ವಾನ್ಸ್ ಬೇಡ.

ಎರಡು, ಚಾಸಿ ನಂಬರ್ ಮತ್ತು ಎಂಜಿನ್ ನಂಬರ್. ಎರಡನ್ನೂ ಗಾಡಿ ಮೇಲೆ ನೀವೇ ಓದಿ, ಆರ್‌ಸಿ ಜೊತೆ ತಾಳೆ ನೋಡಿ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಅಂಬಾಸಿಡರ್, ಪದ್ಮಿನಿಗಳು ಬೇಕಾದಷ್ಟಿವೆ. ಆ ಬದಲಾವಣೆ ಆರ್‌ಸಿಯಲ್ಲಿ ಏರದಿದ್ದರೆ ನವೀಕರಣದ ದಿನ ಸಿಕ್ಕಿಬೀಳೋದು ನೀವು. ಗ್ಯಾಸ್ ಕಿಟ್‌ಗೂ ಇದೇ ಮಾತು.

ಮೂರು, ಆರ್‌ಸಿಯಲ್ಲಿರೋ ಮಾಲೀಕರು ಬದುಕಿದ್ದಾರಾ? ಹಳ್ಳಿ ಮನೆಯ ಕೊಟ್ಟಿಗೆಯಲ್ಲಿ ನಿಂತಿರೋ ಎಷ್ಟೋ ಪದ್ಮಿನಿಗಳು ಈಗಲೂ ತಾತನ ಹೆಸರಲ್ಲೇ ಇವೆ. ತಾತ ತೀರಿಕೊಂಡಿದ್ದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ, ಫಾರಂ 31ರಲ್ಲಿ, ವರ್ಗಾವಣೆ ಆಗಬೇಕು. ನಾಲ್ಕು ಜನ ಮಕ್ಕಳಿದ್ದು ಒಬ್ಬರು ಒಪ್ಪಲಿಲ್ಲ ಅಂದ್ರೂ ವ್ಯವಹಾರ ಅಲ್ಲೇ ನಿಲ್ಲತ್ತೆ. ಮೊಮ್ಮಗನ ಕೈಗೆ ದುಡ್ಡು ಕೊಟ್ಟು ಕಾರು ಎಳೆದುಕೊಂಡು ಬರೋದು ಬೇಡ.

ನಾಲ್ಕು, ಸರ್ಕಾರಿ ಹರಾಜಿನ ಗಾಡಿ. ಬಿಳಿ ಅಂಬಾಸಿಡರ್ ಅಂದ್ರೆ ಎಲ್ಲರಿಗೂ ಆಸೆ. ಆದರೆ 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸೋ ಹಾಗಿಲ್ಲ, ಅವು ಗುಜರಿಗೇ ಹೋಗಬೇಕು. ಹರಾಜಲ್ಲಿ ತಗೊಂಡವರು ಹೆಸರು ಬದಲಿಸದೆ ಇಟ್ಟುಕೊಂಡು, ಆರ್‌ಸಿಯಲ್ಲಿ ಇನ್ನೂ ಇಲಾಖೆಯ ಹೆಸರೇ ಉಳಿದಿದ್ದರೆ ಅಂಥ ಗಾಡಿಯಿಂದ ದೂರ ಇರೋದು ಒಳ್ಳೇದು.

ಐದು, ಹೊರರಾಜ್ಯದ ಗಾಡಿ. ದೆಹಲಿಯಲ್ಲಿ ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷ ಅನ್ನೋ ಮಿತಿ ಬಂದ ಮೇಲೆ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಅಗ್ಗದಲ್ಲಿ ಬರ್ತಿವೆ. ಆ ವಿಷಯ ನ್ಯಾಯಾಲಯದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ, ಅದು ಬೇರೆ ಕಥೆ. ನಿಮಗೆ ಬೇಕಾದ್ದು ಇಷ್ಟು: ಎನ್‌ಒಸಿ ಕೈಗೆ ಬಂದಿದೆಯಾ, ಕರ್ನಾಟಕದಲ್ಲಿ ಮರುನೋಂದಣಿಗೆ ಜೀವಿತಾವಧಿ ತೆರಿಗೆ ಎಷ್ಟು ಬೀಳತ್ತೆ, ಸಾಗಣೆ ಖರ್ಚೆಷ್ಟು. ಈ ಮೂರನ್ನ ಸೇರಿಸಿದ ಮೇಲೂ ಅಗ್ಗ ಅನ್ನಿಸಿದರೆ ಮಾತ್ರ ಮುಂದುವರಿಯಿರಿ.

ಬಾಡಿ: ಬಣ್ಣದ ಹೊಳಪು ನಂಬಬೇಡಿ

ಮಾರುತಿ 800, ಪದ್ಮಿನಿ, ಕಾಂಟೆಸ್ಸಾ, ಇವುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿ ತಗಡೇ ಗಾಡಿಯ ಅಸ್ಥಿಪಂಜರ. ಅದಕ್ಕೇ ಮೊನೊಕಾಕ್ ಅನ್ನೋದು. ಇಲ್ಲಿ ತುಕ್ಕು ಅಂದ್ರೆ ನೋಡೋಕೆ ಚೆನ್ನಾಗಿಲ್ಲ ಅನ್ನೋ ಸಮಸ್ಯೆ ಅಲ್ಲ, ಮೂಳೆ ಸವೆದ ಹಾಗೆ. ಜಿಪ್ಸಿಗೆ ಕೆಳಗೆ ಬೇರೆ ಫ್ರೇಮ್ ಇದೆ, ಬಾಡಿ ಮೇಲೆ ಕೂತಿರತ್ತೆ. ಹಾಗಾಗಿ ಬಾಡಿ ಕೆಲಸ ಸ್ವಲ್ಪ ಸುಲಭ, ಆದರೆ ಫ್ರೇಮ್ ನೋಡಲೇಬೇಕು.

ಒಂದು ಟಾರ್ಚು, ಒಂದು ಸಣ್ಣ ಆಯಸ್ಕಾಂತ ಜೇಬಲ್ಲಿಟ್ಟುಕೊಳ್ಳಿ. ಬಾಗಿಲ ಕೆಳಗಿನ ಸಿಲ್, ಚಕ್ರದ ಕಮಾನು, ಜಾಕ್ ಕೊಡೋ ಜಾಗ, ಕಾಲಿಡೋ ಮ್ಯಾಟ್‌ನ ಕೆಳಗಿನ ಫ್ಲೋರ್, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರೋ ಗುಂಡಿ, ಬ್ಯಾಟರಿ ಕೆಳಗಿನ ತಟ್ಟೆ, ಮುಂದಿನ ಗಾಜಿನ ರಬ್ಬರಿನ ಅಂಚು. ಮಾರುತಿಯಲ್ಲಿ ಮುಂದಿನ ಸಸ್ಪೆನ್ಷನ್ನಿನ ಸ್ಟ್ರಟ್ ಕೂರೋ ಗೋಪುರ. ಆಯಸ್ಕಾಂತ ಅಂಟಿಕೊಳ್ಳದ ಕಡೆ ತಗಡಿನ ಮೇಲೆ ದಪ್ಪ ಪುಟ್ಟಿ ಇದೆ ಅಂತ ಅರ್ಥ. ಹೊಸದಾಗಿ ಪೇಂಟ್ ಮಾಡಿ ಮಾರೋಕೆ ನಿಲ್ಲಿಸಿದ ಕಾರಿಗಿಂತ ಮಾಸಿದ ಮೂಲ ಬಣ್ಣದ ಕಾರು ಯಾವತ್ತೂ ಮೇಲು. ಅದರಲ್ಲಿ ಏನಿದೆಯೋ ಅದು ಕಣ್ಣಿಗೆ ಕಾಣತ್ತೆ.

ಊರೂ ಮುಖ್ಯ. ಮಂಗಳೂರು, ಉಡುಪಿ, ಕಾರವಾರದ ಗಾಡಿಗೆ ಉಪ್ಪುಗಾಳಿ, ಮಳೆ ಎರಡೂ ತಗುಲಿರತ್ತೆ. ಬಳ್ಳಾರಿ, ಕಲಬುರಗಿ ಕಡೆಯ ಗಾಡಿಯ ತಗಡು ಗಟ್ಟಿ ಇರೋ ಸಾಧ್ಯತೆ ಹೆಚ್ಚು, ಆದರೆ ಡ್ಯಾಶ್‌ಬೋರ್ಡ್, ರಬ್ಬರು, ಸೀಟು ಬಿಸಿಲಿಗೆ ಸೀಳಿರತ್ತೆ. ಆಯ್ಕೆ ಇದ್ದರೆ ಸೀಳಿದ ಡ್ಯಾಶ್‌ಬೋರ್ಡೇ ವಾಸಿ.

ಇಲ್ಲದ ಸಾಮಾನೇ ದುಬಾರಿ ಸಾಮಾನು

ಹೊಸಬರಿಗೆ ಇದು ಕೊನೆಗೆ ಅರ್ಥ ಆಗೋ ವಿಷಯ. ಪಿಸ್ಟನ್, ಬೇರಿಂಗ್, ಬ್ರೇಕ್ ಲೈನರ್, ಇವು ಹೇಗೋ ಸಿಗತ್ತೆ. ಮಾರುತಿಯ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಬಂದಿತ್ತು, ಹಾಗಾಗಿ ಅದರ ಮೆಕ್ಯಾನಿಕಲ್ ಸಾಮಾನಿಗೆ ಕೊರತೆ ಇಲ್ಲ. ಸಿಗದೇ ಇರೋದು ಬಂಪರ್ ತುದಿ, ಹೆಡ್‌ಲೈಟ್ ರಿಮ್, ಗ್ರಿಲ್, ಬ್ಯಾಡ್ಜ್, ಬಾಗಿಲ ಹಿಡಿ, ಮೀಟರ್ ಗಾಜು, ಹಿಂದಿನ ವಿಂಡ್‌ಶೀಲ್ಡ್. 1986ರಲ್ಲಿ ಮಾರುತಿ 800ರ ಆಕಾರವೇ ಬದಲಾಯ್ತು. ಅದಕ್ಕಿಂತ ಮುಂಚಿನ, ಎಸ್‌ಎಸ್80 ಅಂತ ಕರೆಯೋ ಮೊದಲ ಮಾದರಿಯ ಲೈಟು, ಬಾಡಿ ಭಾಗಗಳು ಸಿಗೋದು ಕಷ್ಟ. ಆ ಕಾರಿನ ಬೆಲೆ ಏರಿರೋದಕ್ಕೂ ಅದೇ ಕಾರಣ.

ಬೆಂಗಳೂರಲ್ಲಿ ಜೆಸಿ ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳು, ಚೆನ್ನೈನ ಪುದುಪೇಟೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ಇವು ಹುಡುಕಾಟದ ಜಾಗಗಳು. ಮುಂಬೈನಲ್ಲಿ 2023ರ ಅಕ್ಟೋಬರ್‌ನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ ಮುಗೀತು. ಇಂಥ ಟ್ಯಾಕ್ಸಿಗಳು ಓಡ್ತಿದ್ದಷ್ಟು ದಿನ ಸಾಮಾನು ಮಾಡೋರೂ ಇದ್ದರು, ಮಾರೋರೂ ಇದ್ದರು. ಗಿರಾಕಿ ಹೋದ ಮೇಲೆ ಅಂಗಡಿ ಎಷ್ಟು ದಿನ ಇರತ್ತೆ? ಅಂಬಾಸಿಡರ್ ಉತ್ತರಪಾರಾ ಕಾರ್ಖಾನೆಯಿಂದ ಬರೋದು ನಿಂತದ್ದು 2014ರಲ್ಲಿ. ಅಲ್ಲೂ ಕಾಲ ಕಳೆದಂತೆ ಇದೇ ಕಥೆ ಆಗತ್ತೆ.

ಇದಕ್ಕಿಂತ ಹೆಚ್ಚು ಯೋಚಿಸಬೇಕಾದ್ದು 2000ದ ಆಸುಪಾಸಿನ ಕಾರುಗಳ ಬಗ್ಗೆ. ಓಪೆಲ್, ಫೋರ್ಡ್, ಫಿಯೆಟ್‌ಗಳಂಥ ಕಂಪನಿಗಳು ಇಲ್ಲಿ ಕಾರು ಮಾರೋದನ್ನೇ ನಿಲ್ಲಿಸಿದವು. ಕಾರ್ಬುರೇಟರ್ ಆದರೆ ಊರಿನ ಮೆಕ್ಯಾನಿಕ್ ಬಿಚ್ಚಿ ತೊಳೆದು ಕೂರಿಸ್ತಾರೆ. ಇಸಿಯು, ಸೆನ್ಸರ್, ವೈರಿಂಗ್ ಹಾರ್ನೆಸ್ ಕೆಟ್ಟರೆ ಅದೇ ಮಾದರಿಯ ಇನ್ನೊಂದು ಕಾರೇ ಗುಜರಿಯಲ್ಲಿ ಸಿಗಬೇಕು.

ಅರ್ಧ ಬಿಚ್ಚಿದ ಕಾರು, "ಎಲ್ಲಾ ಸಾಮಾನು ಡಬ್ಬದಲ್ಲಿದೆ" ಅಂತ ಹೇಳಿ ಮಾರೋ ಗಾಡಿ ಅಗ್ಗವಾಗಿ ಕಾಣತ್ತೆ. ಡಬ್ಬದಲ್ಲಿ ಏನಿಲ್ಲ ಅಂತ ಗೊತ್ತಾಗೋದು ಜೋಡಿಸೋ ದಿನ. ಪಟ್ಟಿ ಮಾಡಿ, ಒಂದೊಂದೇ ಎಣಿಸಿ, ಆಮೇಲೆ ಮಾತಾಡಿ. ಯಾವ ಸಾಮಾನು ಎಲ್ಲಿರಬೇಕು ಅಂತ ತಿಳಿಯೋಕೆ ಒಳ್ಳೇ ಸ್ಥಿತಿಯ ಕಾರುಗಳನ್ನ ಮೊದಲೇ ನೋಡಿರಬೇಕು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣದ ಹತ್ತಿರ ಮೈಸೂರು ಹೆದ್ದಾರಿಯಲ್ಲಿರೋ ಪಯಣ ಕಾರು ಸಂಗ್ರಹಾಲಯ, ಇವಕ್ಕೆ ಒಂದು ಭೇಟಿ ಕೊಟ್ಟರೆ ಕಣ್ಣು ಪಳಗತ್ತೆ.

ಈಗ ಬಾನೆಟ್ ಎತ್ತಿ

ಹೋಗೋ ಮುಂಚೆ "ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ" ಅಂತ ಹೇಳಿ. ತಣ್ಣಗಿರೋ ಎಂಜಿನ್ ನಿಜ ಹೇಳತ್ತೆ. ನೀಲಿ ಹೊಗೆ ಬಂದರೆ ಆಯಿಲ್ ಉರೀತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗ್ತಿದೆ, ಕಾರ್ಬುರೇಟರ್ ಸರಿ ಮಾಡಬೇಕು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಕಂಪ್ರೆಷನ್ ಟೆಸ್ಟ್ ಮಾಡೋಕೆ ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಟೈರಿನ ಪಕ್ಕದ ನಾಲ್ಕು ಅಂಕಿ ಓದಿ: 2314 ಅಂತಿದ್ದರೆ 2014ರ 23ನೇ ವಾರದ ಟೈರು. ನೂಲು ಸವೆಯದಿದ್ದರೂ ಬದಲಿಸಲೇಬೇಕು.

ವರ್ಷಗಟ್ಟಲೆ ನಿಂತ ಗಾಡಿಯಾದ್ರೆ ಟ್ಯಾಂಕ್ ತೊಳೆಸೋದು, ಎಲ್ಲಾ ರಬ್ಬರ್ ಪೈಪು, ಬ್ರೇಕಿನ ಸೀಲುಗಳು, ಬ್ಯಾಟರಿ, ಇವನ್ನ ಬದಲಿಸೋ ಖರ್ಚು ಖಚಿತ ಅಂತ ಬರ್ಕೊಳ್ಳಿ. ಈಗ ಬಂಕ್‌ನಲ್ಲಿ ಸಿಗೋದು ಇ20, ಅಂದ್ರೆ ಶೇ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರಿನಂಶ ಹೀರ್ಕೊಳ್ಳತ್ತೆ, ಹಳೇ ರಬ್ಬರ್ ಪೈಪು, ಕಾರ್ಬುರೇಟರ್ ಗ್ಯಾಸ್ಕೆಟ್‌ಗಳನ್ನ ಹಾಳು ಮಾಡತ್ತೆ. ತಿಂಗಳುಗಟ್ಟಲೆ ನಿಲ್ಲೋ ಗಾಡಿಯ ಕಬ್ಬಿಣದ ಟ್ಯಾಂಕಿಗೂ ಒಳ್ಳೇದಲ್ಲ. ಎಥನಾಲ್ ತಾಳೋ ಪೈಪು ಹಾಕಿಸಿ, ಹದಿನೈದು ದಿನಕ್ಕೊಮ್ಮೆಯಾದರೂ ಓಡಿಸಿ.

ಹೂಡಿಕೆ ಅನ್ನೋ ಮಾತಿಗೆ ಬರೋಣ

"ಬೆಲೆ ಏರತ್ತೆ, ಇದೂ ಒಂದು ಇನ್ವೆಸ್ಟ್‌ಮೆಂಟ್" ಅಂತ ಮನೆಯವರನ್ನ ಒಪ್ಪಿಸೋದು ಸುಲಭ. ನಾನು ಕಾಮರ್ಸ್ ಓದಿದವನು, ಹಾಗಾಗಿ ಲೆಕ್ಕ ಹಾಕೇ ನೋಡೋಣ. ಅಂಕಿಗಳು ಬರೀ ಉದಾಹರಣೆಗೆ. ಕಾರಿಗೆ ಒಂದೂವರೆ ಲಕ್ಷ, ರಿಸ್ಟೊರೇಷನ್‌ಗೆ ಮೂರೂವರೆ ಲಕ್ಷ, ಒಟ್ಟು 5 ಲಕ್ಷ ಅಂತಿಟ್ಟುಕೊಳ್ಳಿ. ಇದೇ 5 ಲಕ್ಷ ಶೇ 7ರ ಚಕ್ರಬಡ್ಡಿಯಲ್ಲಿ ಎಫ್‌ಡಿ ಇಟ್ಟಿದ್ದರೆ 10 ವರ್ಷಕ್ಕೆ ಸುಮಾರು 9 ಲಕ್ಷ 84 ಸಾವಿರ. ಕಾರಿಗೆ ವಿಮೆ, ನವೀಕರಣ, ಬ್ಯಾಟರಿ, ಟೈರು, ನಿಲ್ಲಿಸೋ ಜಾಗ ಅಂತ ವರ್ಷಕ್ಕೆ 20,000 ಹಿಡಿದರೂ 10 ವರ್ಷಕ್ಕೆ 2 ಲಕ್ಷ. ಅಂದ್ರೆ 5 ಲಕ್ಷದ ಕಾರು 10 ವರ್ಷ ಬಿಟ್ಟು ಹತ್ತಿರ ಹತ್ತಿರ 12 ಲಕ್ಷಕ್ಕೆ ಮಾರಾಟ ಆದ್ರೆ ಮಾತ್ರ ನೀವು ಎಫ್‌ಡಿಗೆ ಸಮ. ಲಕ್ಷಗಟ್ಟಲೆ ತಯಾರಾದ ಮಾಮೂಲಿ ಮಾಡೆಲ್‌ಗೆ ಅಷ್ಟು ಕೊಡೋರು ಎಷ್ಟು ಜನ?

ತೆರಿಗೆಯ ಒಂದು ಸೂಕ್ಷ್ಮವೂ ಇದೆ. ಸ್ವಂತ ಬಳಕೆಯ ಕಾರು ಆದಾಯ ತೆರಿಗೆ ಕಾನೂನಿನಲ್ಲಿ ಬಂಡವಾಳ ಆಸ್ತಿ ಅಲ್ಲ, ಮಾರಿದ ಲಾಭಕ್ಕೆ ತೆರಿಗೆ ಇಲ್ಲ. ಆದರೆ 1983ರಲ್ಲಿ 20,000ಕ್ಕೆ ತಗೊಂಡ 1931ರ ಫೋರ್ಡ್ ಕಾರನ್ನ 21 ಲಕ್ಷಕ್ಕೆ ಮಾರಿದ ಪ್ರಕರಣದಲ್ಲಿ, ಸ್ವಂತಕ್ಕೆ ಬಳಸಿದ್ದಕ್ಕೆ ಆಧಾರ ಇಲ್ಲ, ಹಾಗಾಗಿ ತೆರಿಗೆ ಕಟ್ಟಬೇಕು ಅಂತ 2025ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಶೆಡ್‌ನಲ್ಲಿ ಮುಚ್ಚಿಟ್ಟ ಕಾರು ಬರೀ ಆಸ್ತಿ. ಓಡಿಸಿ, ಪೆಟ್ರೋಲ್, ಸರ್ವಿಸ್ ಬಿಲ್ ಇಟ್ಟುಕೊಳ್ಳಿ. ವಿಮೆಯಲ್ಲೂ ಅಷ್ಟೇ: 5 ವರ್ಷ ದಾಟಿದ ಗಾಡಿಯ ಐಡಿವಿ ನೀವು ಮತ್ತು ಕಂಪನಿ ಒಪ್ಪಿಕೊಂಡ ಮೊತ್ತ. ರಿಸ್ಟೊರೇಷನ್ ಬಿಲ್, ಫೋಟೋ ತೋರಿಸಿ ಮಾತಾಡದಿದ್ದರೆ ಗುಜರಿ ಬೆಲೆಯನ್ನೇ ಬರೀತಾರೆ.

ಕೆಲಸ ಒಪ್ಪಿಸುವಾಗ ಗ್ಯಾರೇಜ್ ಜೊತೆ ಬರವಣಿಗೆಯಲ್ಲಿ ಒಪ್ಪಂದ ಮಾಡ್ಕೊಳ್ಳಿ. ಮೊದಲು ಬ್ರೇಕು, ಸಸ್ಪೆನ್ಷನ್, ಎಂಜಿನ್. ಆಮೇಲೆ ತುಕ್ಕಿನ ಕೆಲಸ. ಪೇಂಟ್, ಸೀಟು ಕೊನೆಗೆ. ಹಂತ ಮುಗಿದ ಹಾಗೆ ದುಡ್ಡು. ಅಂದಾಜಿನ ಮೇಲೆ ಅರ್ಧದಷ್ಟು ಹೆಚ್ಚಿಗೆ ಎತ್ತಿಟ್ಟುಕೊಂಡೇ ಶುರು ಮಾಡಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಆ ಸಾಲಿಗೆ ಇದನ್ನೂ ಸೇರಿಸಬಹುದು.

ಹಾಗಾದರೆ ತಗೊಳ್ಳೋದಾ, ಬೇಡವಾ?

ತಗೊಳ್ಳಿ. ಆದರೆ ಮೂರು ಪ್ರಶ್ನೆಗೆ ಹೌದು ಅನ್ನೋ ಉತ್ತರ ಬರಲಿ. ಈ ಗಾಡಿ ಇನ್ನೊಂದು ತಿಂಗಳಲ್ಲಿ ನನ್ನ ಹೆಸರಿಗೆ ಆಗತ್ತಾ? ಮಳೆ ಬೀಳದ, ನನ್ನದೇ ಆದ ಒಂದು ನಿಲ್ಲಿಸೋ ಜಾಗ ಇದೆಯಾ? ಇದಕ್ಕೆ ಹಾಕಿದ ದುಡ್ಡು ಒಂದು ರೂಪಾಯಿಯೂ ವಾಪಸ್ ಬರದಿದ್ದರೂ ಮನೆ ಖರ್ಚು, ಮಕ್ಕಳ ಫೀಸು, ಸಾಲದ ಕಂತು ನಿಲ್ಲಲ್ಲ ತಾನೇ? ಒಂದಕ್ಕೆ ಇಲ್ಲ ಅಂತ ಬಂದರೂ ಫೋಟೋ ತೆಗೆದುಕೊಂಡು ಮನೆಗೆ ಬನ್ನಿ. ಮೂರಕ್ಕೂ ಹೌದಾದರೆ, ನಿಮ್ಮ ಬಜೆಟ್‌ನಲ್ಲಿ ಸಿಗೋ ಅತ್ಯಂತ ಅಗ್ಗದ ಕಾರಲ್ಲ, ಎಲ್ಲಾ ಸಾಮಾನೂ ಇರೋ ಕಾರು ತಗೊಳ್ಳಿ. ಪ್ರತಿ ಕಾರು ಗುಜರಿಗೆ ಹೋದಾಗಲೂ ಉಳಿದವುಗಳ ಸಂಖ್ಯೆ ಒಂದು ಕಮ್ಮಿ ಆಗತ್ತೆ. ಅರ್ಧಕ್ಕೆ ಬಿಚ್ಚಿ ನಿಲ್ಲಿಸಿದ ಕಾರೂ ಕೊನೆಗೆ ಅಲ್ಲಿಗೇ ಹೋಗೋದು. ಮುಗಿಸೋಕೆ ಆಗೋ ಕಾರನ್ನೇ ಆರಿಸಿಕೊಂಡ್ರೆ ಒಂದಾದರೂ ಉಳಿಯತ್ತೆ.

ಇವತ್ತಿಗೆ ಇಷ್ಟು. ನಿಮ್ಮ ಊರಲ್ಲಿ ಹಳೇ ಗಾಡಿಗಳ ಕೆಲಸ ಬಲ್ಲ ಟಿಂಕರಿಂಗ್, ಅಪ್‌ಹೋಲ್ಸ್ಟರಿ ಕೆಲಸಗಾರರಿದ್ದರೆ ತಿಳಿಸಿ. ಅವರ ಕೆಲಸದ ಬಗ್ಗೆಯೇ ಒಂದು ಸಂಚಿಕೆ ಮಾಡೋ ಆಸೆ ಇದೆ.